ಎಷ್ಟಡಿ ಅಗಲ, ಎಷ್ಟಡಿ ದೂರ

ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ವಿಸಿಟಿಂಗ್ ಕಾರ್ಡ್, ಫ್ಲೆಕ್ಸ್, ಟೀ ಶರ್ಟ್ ಪ್ರಿಂಟಿಂಗ್ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬರೆಸಿಕೊಂಡ ಅಂಗಡಿಗಳಿಗೆ ಬರವಿಲ್ಲ. ಪಿಜಿ ನಡೆಸುವವರು, ಗಣೇಶನನ್ನು ಕೂರಿಸುವ ಹುಡುಗರು, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹಾಲ್ ಹಿಡಿದ ದಂಪತಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಿಂದ ಸ್ಟಾಂಡಿ ಮಾಡಿಸಲು ಬಂದವರು, ಹೀಗೆ ಬಗೆಬಗೆಯ ಗಿರಾಕಿಗಳು. ಬಗೆ ಎಷ್ಟಾದರೂ ಕಂಪ್ಯೂಟರಿನ ಮುಂದೆ ನಡೆಯುವ ಜಗ್ಗಾಟ ಮಾತ್ರ ಒಂದೇ. 'ಅಣ್ಣಾ, ಎಚ್‌ಡಿ ಫೋಟೋನೇ ಇದು, ಸರಿಯಾಗಿ ನೋಡಿ' ಎಂದು ಈಚೆಯವರು. 'ಇಲ್ಲ ಸಾರ್, ರೆಸಲ್ಯೂಶನ್ ಬರಲ್ಲ, 300 ಡಿಪಿಐ ಇರ್ಬೇಕು' ಎಂದು ಆಚೆಯವರು. ಕೊನೆಗೆ 'ಹೆಂಗೋ ಅಡ್ಜಸ್ಟ್ ಮಾಡಿ' ಎಂಬಲ್ಲಿಗೆ ರಾಜಿಯಾಗಿ, ಮಂಜು ಕವಿದ ಮುಖವೊಂದು ಸಂಜೆಯ ಹೊತ್ತಿಗೆ ಕಂಬ ಏರುತ್ತದೆ. ಈ ಜಗ್ಗಾಟದಲ್ಲಿ ಇಬ್ಬರದೂ ಒಂದೇ ಬಗೆಯ ತಪ್ಪು ಎಂಬುದು ನನ್ನ ತಕರಾರು. ಮಾವಿನಹಣ್ಣಿಗೆ ರುಚಿ ಇದ್ದ ಹಾಗೆ ಫೋಟೋದೊಳಗೇ ಸ್ಪಷ್ಟತೆ ಎಂಬುದೊಂದು ಅಡಗಿ ಕೂತಿದೆ, ಅದು ಇದೆಯೋ ಇಲ್ಲವೋ ಅಷ್ಟೇ ಪ್ರಶ್ನೆ ಎಂದು ಇಬ್ಬರೂ ನಂಬಿದ್ದಾರೆ. ಒಂದು ಚಿತ್ರ ಅಚ್ಚಿಗೆ ಸಾಕೋ ಸಾಲದೋ ಎಂಬುದನ್ನು ಚಿತ್ರವೊಂದನ್ನೇ ನೋಡಿ ಯಾರೂ ಹೇಳಲಾರರು. ಎಷ್ಟು ಅಗಲಕ್ಕೆ ಅಚ್ಚಾಗುತ್ತದೆ, ನೋಡುವವರು ಎಷ್ಟು ದೂರ ನಿಂತಿರುತ್ತಾರೆ ಎಂಬ ಎರಡು ಅಳತೆಗಳು ಗೊತ್ತಾಗುವವರೆಗೂ ಎಚ್‌ಡಿ ಎಂಬುದಕ್ಕಾಗಲಿ 300 ಎಂಬುದಕ್ಕಾಗಲಿ ಅರ್ಥವೇ ಇಲ್ಲ.

ಮೊದಲು ಅಗಲದ ಲೆಕ್ಕ. ಇಂದಿನ ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು ಸುಮಾರು 4000 ಅಡ್ಡ, 3000 ಉದ್ದ ಪಿಕ್ಸೆಲ್‌ಗಳ ಚಿತ್ರ. ಆ ಚಿತ್ರದ ನಿಜವಾದ ಆಸ್ತಿ ಇಷ್ಟೇ. ಇದನ್ನು 300 ಡಿಪಿಐ, ಅಂದರೆ ಇಂಚಿಗೆ 300ರಂತೆ ಹಂಚಿದರೆ ಅಡ್ಡ 13 ಇಂಚು, ಉದ್ದ 10 ಇಂಚು ಬರುತ್ತದೆ; ಗೋಡೆಗೆ ಹಾಕುವ ದೊಡ್ಡ ಫೋಟೋಗೆ ಧಾರಾಳವಾಯಿತು. ಅದೇ ಚಿತ್ರವನ್ನು 20 ಅಡಿ ಅಗಲದ ಬ್ಯಾನರಿಗೆ ಎಳೆದರೆ ಇಂಚಿಗೆ 17ಕ್ಕಿಂತ ಕಡಿಮೆ. ಚಿತ್ರ ಬದಲಾಗಿಲ್ಲ, ಅದನ್ನು ಹರಡಿದ ಜಾಗ ಬದಲಾಯಿತು. ಹಾಗಾದರೆ ಫೈಲಿನ ಪ್ರಾಪರ್ಟೀಸ್ ತೆರೆದಾಗ ಕಾಣುವ 72 ಡಿಪಿಐ, 96 ಡಿಪಿಐ ಎಂಬ ಬರಹ ಏನು? ಅದು ಫೈಲಿನ ತಲೆಗೆ ಅಂಟಿಸಿದ ಚೀಟಿ, ಅದಕ್ಕಿಂತ ಹೆಚ್ಚೇನಲ್ಲ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇತ್ತು. ಅಚ್ಚಿನವರ ಪಾಯಿಂಟ್ ಅಳತೆಗೆ ಅದು ಸರಿಹೊಂದುತ್ತಿತ್ತು. ಆ ಪರದೆ ಮ್ಯೂಸಿಯಂ ಸೇರಿದರೂ ಅದರ ಅಂಕಿ ಮಾತ್ರ ಫೈಲಿನಿಂದ ಫೈಲಿಗೆ ಇಂದಿಗೂ ಓಡಾಡುತ್ತಿದೆ. ಫೋಟೋಶಾಪಿನ ಇಮೇಜ್ ಸೈಜ್ ಕಿಟಕಿಯಲ್ಲಿ ರೀಸ್ಯಾಂಪಲ್ ಎಂಬ ಗುರುತನ್ನು ತೆಗೆದು 72ನ್ನು 300 ಮಾಡಿದರೆ ಒಂದೇ ಒಂದು ಪಿಕ್ಸೆಲ್ ಹೆಚ್ಚುವುದಿಲ್ಲ, ಇಂಚುಗಳು ಕುಗ್ಗುತ್ತವೆ ಅಷ್ಟೆ. ಗುರುತನ್ನು ಬಿಟ್ಟುಕೊಂಡೇ ಬದಲಿಸಿದರೆ ಪಿಕ್ಸೆಲ್‌ಗಳೇನೋ ಹೆಚ್ಚುತ್ತವೆ, ಆದರೆ ಅವು ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದು ತುಂಬಿದವು. ಹತ್ತು ಜನರ ಸಾರಿಗೆ ನೀರು ಬೆರೆಸಿ ಐವತ್ತು ಜನರಿಗೆ ಬಡಿಸಿದಂತೆ ಅದು. ಪಾತ್ರೆ ತುಂಬಿತು, ಸಾರು ಅಷ್ಟೇ ಇದೆ. 300 ಡಿಪಿಐ ಮಾಡಿ ಕೊಟ್ಟಿದ್ದೇವೆ ಎಂದು ಗಿರಾಕಿ ಹೇಳಿದಾಗ ಈ ಎರಡರಲ್ಲಿ ಯಾವುದನ್ನು ಮಾಡಿದ್ದಾರೆ ಎಂದು ಕೇಳುವ ಅಂಗಡಿಯವರು ವಿರಳ.

ಈ 300 ಎಲ್ಲಿಂದ ಬಂತು ಎಂದು ನೋಡಿದರೆ ಅದರ ಮಿತಿಯೂ ಕಾಣುತ್ತದೆ. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಶಾಯಿ ಹಾಕು, ಹಾಕಬೇಡ. ಫೋಟೋದ ನಡುಛಾಯೆಗಳನ್ನು ದೊಡ್ಡ ಚುಕ್ಕಿ, ಸಣ್ಣ ಚುಕ್ಕಿಗಳಾಗಿ ಒಡೆದು ಕಣ್ಣಿಗೆ ಮೋಸ ಮಾಡುವ ಹಾಫ್‌ಟೋನ್ ತಂತ್ರ 1880ರ ದಶಕದಲ್ಲಿ ಜರ್ಮನಿಯ ಗೆಯೋರ್ಗ್ ಮೈಸೆನ್‌ಬಾಖ್, ಅಮೆರಿಕದ ಫ್ರೆಡರಿಕ್ ಐವ್ಸ್ ಮೊದಲಾದವರ ಕೈಯಲ್ಲಿ ಬಳಕೆಗೆ ಬಂತು. ಕನ್ನಡದ ಪತ್ರಿಕೆ, ಪುಸ್ತಕಗಳು ಮೊಳೆ ಜೋಡಿಸಿ ಅಚ್ಚಾಗುತ್ತಿದ್ದ ಕಾಲದಲ್ಲಿ ಇದಕ್ಕೇ ಬ್ಲಾಕ್ ಮಾಡಿಸುವುದು ಎನ್ನುತ್ತಿದ್ದರು. ಇಂಚಿಗೆ ಎಷ್ಟು ಸಾಲು ಚುಕ್ಕಿ ಎಂಬುದೇ ಸ್ಕ್ರೀನಿನ ಅಳತೆ. ಶಾಯಿ ಹೀರಿಕೊಂಡು ಹರಡುವ ನ್ಯೂಸ್‌ಪ್ರಿಂಟಿನ ಮೇಲೆ 85ರಿಂದ 100 ಸಾಲು ದಾಟಿದರೆ ಚುಕ್ಕಿಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ನುಣುಪು ಆರ್ಟ್ ಪೇಪರಿನ ಮೇಲೆ 150, 175 ಸಾಲು ಸಲೀಸು. ಒಂದು ಚುಕ್ಕಿಯ ಗಾತ್ರ ನಿರ್ಧರಿಸಲು ಪ್ರತಿ ದಿಕ್ಕಿಗೆ ಒಂದೂವರೆಯಿಂದ ಎರಡು ಪಿಕ್ಸೆಲ್ ಇದ್ದರೆ ಸಾಕು ಎಂಬುದು ಈ ಕಸುಬಿನ ಅನುಭವ. 150ನ್ನು ಎರಡರಿಂದ ಗುಣಿಸಿ, 300 ಬಂತು. ಅಂದರೆ 300 ಎಂಬುದು ಒಳ್ಳೆಯ ಕಾಗದದ ಮೇಲೆ ಆಫ್‌ಸೆಟ್‌ನಲ್ಲಿ ಅಚ್ಚಾಗಿ ಕೈಯಲ್ಲಿ ಹಿಡಿದು ನೋಡುವ ಪುಟಕ್ಕೆ ಕಟ್ಟಿದ ಲೆಕ್ಕ. ದಿನಪತ್ರಿಕೆಗೆ 200 ಸಾಕಾಗುತ್ತದೆ. ಇದರ ಜೊತೆಗೆ ಪ್ಲೇಟ್ ಮಾಡುವ ಯಂತ್ರದ 2400 ಡಿಪಿಐಯನ್ನು ತಂದು ಕಲಸುವವರೂ ಇದ್ದಾರೆ. ಅದು ಬೇರೆ ಲೆಕ್ಕ. 2400ನ್ನು 150ರಿಂದ ಭಾಗಿಸಿದರೆ 16. ಹದಿನಾರು ಅಡ್ಡ, ಹದಿನಾರು ಉದ್ದದ ಆ ಮನೆಯೊಳಗೆ ಒಂದೇ ಒಂದು ಚುಕ್ಕಿಯನ್ನು 256 ಗಾತ್ರಗಳಲ್ಲಿ ಕಟ್ಟಬಹುದು. ಯಂತ್ರದ ಆ ಸಣ್ಣ ಕಣಗಳೆಲ್ಲ ಸೇರಿ ಛಾಯೆಯನ್ನು ಹುಟ್ಟಿಸುತ್ತವೆ. ಯಂತ್ರ 2400ರದ್ದೆಂದು ಫೋಟೋವನ್ನೂ 2400ರಲ್ಲಿ ಕೊಟ್ಟರೆ ಯಾರಿಗೂ ಲಾಭವಿಲ್ಲ. ಫ್ಲೆಕ್ಸ್ ಯಂತ್ರದ ಮೇಲೆ ಬರೆದ 720, 1440ಕ್ಕೂ ಇದೇ ಮಾತು.

ಇನ್ನು ದೂರ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿ ಕೂತ ಎರಡು ಚುಕ್ಕಿಗಳನ್ನು ಸಾಮಾನ್ಯ ಕಣ್ಣು ಬೇರೆಬೇರೆಯಾಗಿ ಗುರುತಿಸಲಾರದು. ಕಣ್ಣಿನ ವೈದ್ಯರ ಗೋಡೆಯ ಅಕ್ಷರಪಟವೂ ನಿಂತಿರುವುದು ಇದೇ ಅಳತೆಯ ಮೇಲೆ. ಇದನ್ನು ಇಂಚಿಗೆ ಇಳಿಸಿದರೆ ಸಿಗುವ ಸೂತ್ರ ಬಹಳ ಸರಳ: 3438 ಎಂಬ ಅಂಕಿಯನ್ನು ನೋಡುವ ದೂರದ ಇಂಚುಗಳಿಂದ ಭಾಗಿಸಿ, ಅಷ್ಟು ಪಿಕ್ಸೆಲ್ ಇಂಚಿಗೆ ಇದ್ದರೆ ಅದಕ್ಕಿಂತ ಹೆಚ್ಚಿನದು ಕಣ್ಣಿಗೆ ದಕ್ಕುವುದಿಲ್ಲ. ಒಂದು ಅಡಿ ದೂರದಲ್ಲಿ ಹಿಡಿದ ಮದುವೆ ಕರೆಯೋಲೆಗೆ 286. ಹತ್ತಡಿ ದೂರದ ಬೋರ್ಡಿಗೆ 29. ಇಪ್ಪತ್ತಡಿಗೆ 14. ಐವತ್ತು ಅಡಿಗೆ ಬರೀ 6. ನಂಬಲು ಕಷ್ಟವಾದರೆ ಮೆಜೆಸ್ಟಿಕ್ಕು, ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಒಂದು ಕಾಲಕ್ಕೆ ನಿಲ್ಲುತ್ತಿದ್ದ ಕೈಬರಹದ ಬ್ಯಾನರು, ಕಟೌಟುಗಳನ್ನು ನೆನೆಯಬಹುದು. ಅಂಗೈಯಗಲದ ಫೋಟೋ ಮೇಲೆ ಚೌಕಳಿ ಎಳೆದು, ಅದೇ ಚೌಕಳಿಯನ್ನು ಬಟ್ಟೆಯ ಮೇಲೆ ಹಿಗ್ಗಿಸಿ ಬಣ್ಣ ತುಂಬುತ್ತಿದ್ದ ಕಲಾವಿದರು ನಾಯಕನ ಕೆನ್ನೆಗೆ ಮೊಳದುದ್ದದ ಬಳಿತ ಹಾಕುತ್ತಿದ್ದರು. ಹತ್ತಿರ ಹೋದರೆ ಹಸಿರು, ನೇರಳೆ ಪಟ್ಟಿಗಳು. ರಸ್ತೆಯಾಚೆ ನಿಂತರೆ ಮಿನುಗುವ ಮುಖ. ಇಂಚಿಗೆ ಎಷ್ಟು ಎಂದು ಅವರು ಕೇಳಿದವರಲ್ಲ, ಜನ ಎಲ್ಲಿ ನಿಲ್ಲುತ್ತಾರೆ ಎಂಬುದು ಗೊತ್ತಿತ್ತು.

ಸಿಂಗಸಂದ್ರದ ವಿಶೇಷವೆಂದರೆ ಇಲ್ಲಿ ಒಂದೇ ಬ್ಯಾನರಿಗೆ ಮೂರು ದೂರಗಳಿವೆ. ಸರ್ವಿಸ್ ರಸ್ತೆಯ ಪಾದಚಾರಿಗೆ ಅದು ಹತ್ತಡಿ. ಮುಖ್ಯರಸ್ತೆಯ ಬಸ್ಸಿನಲ್ಲಿ ಕೂತವರಿಗೆ ನಲವತ್ತು, ಐವತ್ತು ಅಡಿ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಿಂದಲೋ, 2025ರ ಆಗಸ್ಟಿನಲ್ಲಿ ಓಡತೊಡಗಿದ ಮೆಟ್ರೋ ಹಳದಿ ಮಾರ್ಗದ ಸಿಂಗಸಂದ್ರ ನಿಲ್ದಾಣದಿಂದಲೋ ಕಣ್ಣು ಹಾಯಿಸುವವರಿಗೆ ಇನ್ನೂ ದೂರ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಮೂರು ಸೆಕೆಂಡಿಗೆ 50 ಮೀಟರ್ ಕ್ರಮಿಸಿಬಿಡುತ್ತದೆ. ಅದರಲ್ಲಿ ಕೂತವರಿಗೆ ಕೂದಲ ಎಳೆ ಎಣಿಸುವ ಪುರುಸೊತ್ತೂ ಇಲ್ಲ. ಫೋಟೋ ಯಾರಿಗಾಗಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಇದಕ್ಕೇ. ಆ ಮೂವರಲ್ಲಿ ತೀರಾ ಹತ್ತಿರದವನನ್ನು ಲೆಕ್ಕಕ್ಕೆ ಹಿಡಿದರೆ ಉಳಿದವರಿಗೆ ಮಿಕ್ಕುತ್ತದೆ. ದೂರದವನನ್ನು ಹಿಡಿದರೆ ಪಾದಚಾರಿಗೆ ಕೊರೆಯಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಒಗಟಿದೆ. ಇಪ್ಪತ್ತಡಿ ದೂರಕ್ಕೆ 14 ಸಾಕು ಎನ್ನುವುದಾದರೆ, ಫೋನಿನ ಫೋಟೋ ಇಪ್ಪತ್ತಡಿ ಅಗಲಕ್ಕೆ ಎಳೆದಾಗಲೂ ಇಂಚಿಗೆ 16 ಕೊಡುತ್ತದೆ. ಅಂದ ಮೇಲೆ ಬ್ಯಾನರುಗಳೆಲ್ಲ ಕನ್ನಡಿಯಂತೆ ಕಾಣಬೇಕಿತ್ತಲ್ಲ, ಯಾಕೆ ಕಾಣುವುದಿಲ್ಲ? ಯಾಕೆಂದರೆ ಬ್ಯಾನರಿಗೆ ಹೋಗುವುದು ಇಡೀ ಫೋಟೋ ಅಲ್ಲ, ಅದರಿಂದ ಕತ್ತರಿಸಿದ ಒಂದು ತುಣುಕು. ಯಾರದೋ ಗೃಹಪ್ರವೇಶದಲ್ಲಿ ಹತ್ತು ಜನ ಸಾಲಾಗಿ ನಿಂತ ಗ್ರೂಪ್ ಫೋಟೋ ಎಂದುಕೊಳ್ಳಿ. 4000 ಪಿಕ್ಸೆಲ್‌ನಲ್ಲಿ ಒಬ್ಬೊಬ್ಬರ ಪಾಲಿಗೆ 400, ಮುಖದ ಅಗಲಕ್ಕೆ ಹೆಚ್ಚೆಂದರೆ 150. ಆ ಮುಖವನ್ನು ಕತ್ತರಿಸಿ ಮೂರಡಿ ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ನಾಲ್ಕು ಪಿಕ್ಸೆಲ್. ಸೂತ್ರದ ಪ್ರಕಾರ ಸುಮಾರು 70 ಅಡಿ ಹಿಂದೆ ಸರಿದರೆ ಮಾತ್ರ ಚೆನ್ನ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ಫೋಟೋ ಅಂಗಡಿಗೆ ಬಂದಿರುವುದು ವಾಟ್ಸ್‌ಆ್ಯಪ್‌ನಲ್ಲಿ. ಸಾಮಾನ್ಯವಾಗಿ ಕಳಿಸಿದ ಫೋಟೋದ ಉದ್ದನೆಯ ಬದಿಯನ್ನು ವಾಟ್ಸ್‌ಆ್ಯಪ್ ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮೇಲೆ ಜೆಪೆಗ್ ಹಿಂಡುವಿಕೆಯನ್ನೂ ಮಾಡುತ್ತದೆ. ಈಗ ಮುಖಕ್ಕೆ ಉಳಿದದ್ದು 60 ಪಿಕ್ಸೆಲ್. ಮೂರಡಿಗೆ ಎಳೆದರೆ ಇಂಚಿಗೆ ಎರಡೂ ಇಲ್ಲ. ಚೆನ್ನಾಗಿ ಕಾಣಬೇಕಾದರೆ 170 ಅಡಿ ದೂರ ನಿಲ್ಲಬೇಕು. ಹೊಸೂರು ರಸ್ತೆ ಎಷ್ಟೇ ಅಗಲವೆಂದರೂ ಅಷ್ಟು ಹಿಂದೆ ಸರಿಯಲು ಜಾಗವಿಲ್ಲ. ಹಾನಿ ಎಲ್ಲಿ ಆಯಿತು ನೋಡಿ: ಕ್ಯಾಮೆರಾದಲ್ಲಿ ಅಲ್ಲ, ಯಂತ್ರದಲ್ಲೂ ಅಲ್ಲ, ನಡುವಿನ ಕತ್ತರಿ ಮತ್ತು ಕಳಿಸುವಿಕೆಯಲ್ಲಿ. 2023ರಿಂದ ವಾಟ್ಸ್‌ಆ್ಯಪ್‌ನಲ್ಲಿ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದು ಸ್ವಲ್ಪ ಉಳಿಸುತ್ತದೆ. ಫೋಟೋವನ್ನು ಡಾಕ್ಯುಮೆಂಟ್ ಎಂದು ಕಳಿಸಿದರೆ ಪೂರ್ತಿ ಉಳಿಯುತ್ತದೆ. ಇನ್‌ಸ್ಟಾಗ್ರಾಮಿನಿಂದ ತೆಗೆದ ಸ್ಕ್ರೀನ್‌ಶಾಟಿನದು ಇನ್ನೂ ಬಡತನ; ಅಲ್ಲಿನ 1080 ಪಿಕ್ಸೆಲ್ ಅಗಲ, 300ರ ಲೆಕ್ಕದಲ್ಲಿ ಮೂರೂವರೆ ಇಂಚಿಗೆ ಮುಗಿದುಹೋಗುತ್ತದೆ.

ಗಿರಾಕಿಯ ಹಟಕ್ಕೂ ಕಾರಣವಿದೆ, ಅದನ್ನು ಬರೀ ಅಜ್ಞಾನ ಎಂದು ತಳ್ಳಬಾರದು. ಅವರ ಕೈಯಲ್ಲಿರುವ ಫೋನಿನ ಪರದೆ ಎರಡೂವರೆ ಇಂಚು ಅಗಲ, ಇಂಚಿಗೆ ಸುಮಾರು 400 ಪಿಕ್ಸೆಲ್. ಅದರ ಮೇಲೆ ಎಂಥ ಬಡ ಚಿತ್ರವೂ ಹೊಳೆಯುತ್ತದೆ. 'ಫೋನಲ್ಲಿ ಸರಿಯಾಗೇ ಇದೆಯಲ್ಲಾ' ಎಂಬುದು ಅವರ ಕಣ್ಣಾರೆ ಕಂಡ ಸತ್ಯ. ಇದಕ್ಕೆ ಸೂತ್ರ ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು. ಅಂಗಡಿಯ ಮಾನಿಟರಿನ ಮೇಲೆ ಆ ಮುಖವನ್ನು ಬ್ಯಾನರಿನಲ್ಲಿ ಬರುವಷ್ಟೇ ದೊಡ್ಡದಾಗಿ ಹಿಗ್ಗಿಸಬೇಕು. ಪರದೆಗೆ ಹಿಡಿಸದಿದ್ದರೆ ಒಂದು ಕಣ್ಣು, ಅರ್ಧ ಮೂಗು ಕಂಡರೂ ಸಾಕು. ಆಮೇಲೆ ಗಿರಾಕಿಯನ್ನು ಅಂಗಡಿಯ ಬಾಗಿಲವರೆಗೆ ಹಿಂದೆ ಸರಿಯಲು ಹೇಳಬೇಕು. ಅಲ್ಲಿ ನಿಂತು 'ಪರವಾಗಿಲ್ಲ' ಎಂದರೆ ಅಚ್ಚು ಮಾಡಬಹುದು. ಯಾವ ಡಿಪಿಐ ಚೀಟಿಯನ್ನೂ ನೋಡದೆ ನಡೆಯುವ ಈ ಪರೀಕ್ಷೆ ಎಷ್ಟೋ ಜಗಳಗಳನ್ನು ಅಲ್ಲಿಯೇ ಮುಗಿಸುತ್ತದೆ.

ಅಂಗಡಿಯವರು ಇದಕ್ಕೆ ಹೇಳಬಹುದಾದ ಮೊದಲ ಉತ್ತರ ಗಟ್ಟಿಯಾದದ್ದೇ. ದಿನಕ್ಕೆ ಹತ್ತಾರು ಕೆಲಸ ಬರುತ್ತವೆ, ಒಬ್ಬೊಬ್ಬರಿಗೂ ದೂರ, ಕೋನ ಎಂದು ಪಾಠ ಹೇಳುತ್ತ ಕೂತರೆ ಕರೆಂಟ್ ಬಿಲ್ಲು ಕಟ್ಟುವವರು ಯಾರು? 300 ಎಂಬ ಒಂದು ಅಂಕಿ ಹೇಳಿದರೆ ಸುರಕ್ಷಿತ. ವಿಸಿಟಿಂಗ್ ಕಾರ್ಡು, ಕರೆಯೋಲೆ, ಕಿರುಹೊತ್ತಿಗೆಗಳ ಮಟ್ಟಿಗೆ ಈ ವಾದ ಪೂರ್ತಿ ಒಪ್ಪಿಗೆ. 35 ಮಿಲಿಮೀಟರ್ ಅಗಲ, 45 ಎತ್ತರದ ಪಾಸ್‌ಪೋರ್ಟ್ ಫೋಟೋಗೆ 300ರಂತೆ 413 ಅಡ್ಡ, 531 ಉದ್ದ ಪಿಕ್ಸೆಲ್ ಎಂದರೆ ಮತ್ತೆ ಯೋಚಿಸುವುದೇ ಬೇಡ. ಆದರೆ ಅದೇ ಅಂಕಿಯನ್ನು ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಫ್ಲೆಕ್ಸಿಗೆ ಹೊರಿಸಿದರೆ 36,000 ಅಡ್ಡ, 28,800 ಉದ್ದ, ಒಟ್ಟು ನೂರು ಕೋಟಿಗೂ ಹೆಚ್ಚು ಪಿಕ್ಸೆಲ್ ಆಗುತ್ತದೆ. ನಾಲ್ಕು ಬಣ್ಣಗಳ ಲೆಕ್ಕದಲ್ಲಿ ತೆರೆದಿಟ್ಟರೆ ನಾಲ್ಕು ಜಿಬಿ. ಫೋಟೋಶಾಪಿನ ಪಿಎಸ್‌ಡಿ ಫೈಲು ಒಂದು ಬದಿಗೆ 30,000 ಪಿಕ್ಸೆಲ್ ದಾಟಿದ್ದನ್ನು ಉಳಿಸಿಕೊಳ್ಳುವುದೇ ಇಲ್ಲ. ಸುರಕ್ಷಿತ ಎಂದುಕೊಂಡ ನಿಯಮ ಕಂಪ್ಯೂಟರನ್ನೇ ನಿಲ್ಲಿಸಿತು. ಇನ್ನೊಂದು ಕಡೆ, ಗಿರಾಕಿ ಎಲ್ಲೋ ಕೇಳಿದ 300ನ್ನು ಪೂರೈಸಲು ಮನೆಯಲ್ಲೇ ಪಿಕ್ಸೆಲ್ ಹೆಚ್ಚಿಸಿ ತಂದಿರುತ್ತಾರೆ. ಅಂಗಡಿಯವರು ಅಂಕಿ ನೋಡಿ ಸಮಾಧಾನಪಟ್ಟು ಮುಖ ನೋಡುವುದನ್ನೇ ಮರೆಯುತ್ತಾರೆ. ನಿಯಮ ಕಾಪಾಡುವ ಕಡೆ ಕಾಪಾಡಲಿ, ಅದು ಹುಟ್ಟಿದ ಕಾಗದವನ್ನು ಬಿಟ್ಟು ಆಚೆ ಹೋದಾಗ ಅಡಿಪಟ್ಟಿ ತೆಗೆಯಲೇಬೇಕು.

ಅಂಕಿಯ ಇನ್ನೊಂದು ಗೊಂದಲ ಕೆಬಿಯದು. ಸರ್ಕಾರಿ, ಬ್ಯಾಂಕ್ ನೌಕರಿಗಳ ಆನ್‌ಲೈನ್ ಅರ್ಜಿಗಳು ಒಂದು ತಲೆಮಾರಿಗೇ ಫೋಟೋವನ್ನು ಕೆಬಿಯಲ್ಲಿ ತೂಗುವುದನ್ನು ಕಲಿಸಿವೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು 200 ಅಡ್ಡ, 230 ಉದ್ದ ಪಿಕ್ಸೆಲ್‌ನ, 20ರಿಂದ 50 ಕೆಬಿಯ ಫೋಟೋ. ಪರದೆಯ ಮೇಲೆ, ಪ್ರವೇಶಪತ್ರದ ಮೂಲೆಯಲ್ಲಿ ಗುರುತು ಹಿಡಿಯಲು ಅದು ಸಾಕು. ಆದರೆ ಹಾಗೆ ಕುಗ್ಗಿಸಿದ ಫೋಟೋವೇ ಫೋನಿನಲ್ಲಿ ಉಳಿದು, ಮುಂದೆ ಕೆಲಸ ಸಿಕ್ಕ ಖುಷಿಗೆ ಊರಿನವರು ಹಾಕಿಸುವ ಅಭಿನಂದನೆಯ ಬ್ಯಾನರಿಗೂ ಅದೇ ಹೋಗುತ್ತದೆ. ಕೆಬಿ ಎಂಬುದು ಫೈಲಿನ ತೂಕ. ಒಂದೇ 4000 ಪಿಕ್ಸೆಲ್‌ನ ಫೋಟೋ ಹಿಂಡಿದ ಮಟ್ಟಕ್ಕೆ ತಕ್ಕಂತೆ 6 ಎಂಬಿಯೂ ಆಗಬಹುದು, 600 ಕೆಬಿಯೂ ಆಗಬಹುದು. ಬಿಳಿ ಗೋಡೆಯ ಫೋಟೋ ಹಗುರ, ಹೂವಿನ ಮಾರುಕಟ್ಟೆಯ ಫೋಟೋ ಭಾರ. 'ಐದು ಎಂಬಿ ಇದೆ, ದೊಡ್ಡದೇ ಬರುತ್ತೆ' ಎಂಬ ಭರವಸೆಗೆ ಆಧಾರವಿಲ್ಲ.

ಈಚಿನ ಎರಡು ಮೂರು ವರ್ಷಗಳಲ್ಲಿ ಬಲವಾಗಿ ಎದ್ದ ಆಕ್ಷೇಪ ಎಐಯದು. ಮಸುಕು ಮುಖವನ್ನು ಕೊಟ್ಟರೆ ರೆಪ್ಪೆಯ ಕೂದಲು ಸಮೇತ ಬಿಡಿಸಿ ಕೊಡುವ ಆ್ಯಪ್‌ಗಳಿವೆ, ಇನ್ನು ಪಿಕ್ಸೆಲ್ ಎಣಿಸುವ ಕಷ್ಟ ಯಾಕೆ ಎಂದು. ಗೋಡೆ, ಮರ, ಆಕಾಶ, ಸೀರೆಯ ನೇಯ್ಗೆ ಇವುಗಳಿಗೆ ಈ ಉಪಾಯ ನಿಜಕ್ಕೂ ಒಳ್ಳೆಯದು, ಬಳಸಬೇಕು. ಮುಖದ ವಿಷಯದಲ್ಲಿ ನಾನು ಒಪ್ಪಲಾರೆ. 60 ಪಿಕ್ಸೆಲ್‌ನ ಮುಖದಲ್ಲಿ ಕಣ್ಣಿಗೆ ಸಿಗುವುದು ಹತ್ತು ಪಿಕ್ಸೆಲ್. ಆ ಹತ್ತರಿಂದ ಈ ಮನುಷ್ಯನ ಕಣ್ಣನ್ನು ಮರಳಿ ತರುವ ದಾರಿ ಇಲ್ಲ, ಸಾವಿರಾರು ಜನರ ಕಣ್ಣು ನೋಡಿ ಕಲಿತದ್ದರಿಂದ ಒಂದು ಕಣ್ಣನ್ನು ಊಹಿಸಿ ಕೂರಿಸಬಹುದು ಅಷ್ಟೆ. ಭಾವಪೂರ್ಣ ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ಇದು ಎದ್ದು ಕಾಣುತ್ತದೆ. ತೀರಿಹೋದ ಅಜ್ಜಿಯದು ಉಳಿದಿರುವುದು ಆಧಾರ್ ಕಾರ್ಡಿನ ಫೋಟೋ, ಇಲ್ಲವೇ ಮೂವತ್ತು ವರ್ಷ ಹಿಂದಿನ ಸ್ಟಾಂಪ್ ಸೈಜಿನದು. ಎಐ ಕೊಟ್ಟ ಮುಖ ನುಣುಪಾಗಿ, ಸ್ಪಷ್ಟವಾಗಿ ಇರುತ್ತದೆ. ಸುಕ್ಕಿನ ದಿಕ್ಕು ಬೇರೆ, ನಗೆ ಬೇರೆ. ಮಸುಕಾದ ನಿಜದ ಅಜ್ಜಿಯನ್ನು ಸಣ್ಣದಾಗಿ ಅಚ್ಚು ಮಾಡಿ ಸುತ್ತ ಹೂವಿನ ಚೌಕಟ್ಟು ಬಿಡುವುದು ಎಷ್ಟೋ ಮೇಲು. ಇಲ್ಲಿ ನಿಜವಾದ ಲಾಭ ಸಿಗುವುದು ಹಿಂದಿನ ಹೆಜ್ಜೆಯಲ್ಲಿ, ಸ್ಕ್ಯಾನಿಂಗಿನಲ್ಲಿ. ಒಂದು ಇಂಚಿನ ಫೋಟೋವನ್ನು ಎಂಟು ಇಂಚಿಗೆ, 300ರಂತೆ ಬೆಳೆಸಬೇಕಾದರೆ 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಬೇಕು ಎನ್ನುತ್ತದೆ ಲೆಕ್ಕ. ಆದರೆ ಹಳೆಯ ಫೋಟೋ ಕಾಗದದ ಮೇಲೆ ಸಾಮಾನ್ಯವಾಗಿ 600ರಾಚೆ ವಿವರವೇ ಇರುವುದಿಲ್ಲ, ಅದರ ಮೇಲೆ ಹೋದರೆ ಕಾಗದದ ನಾರು, ಗೀರುಗಳು ದೊಡ್ಡದಾಗುತ್ತವೆ. 600ರಲ್ಲಿ ಸರಿಯಾಗಿ ಸ್ಕ್ಯಾನ್ ಮಾಡಿ, ನೆಗೆಟಿವ್ ಮನೆಯಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳುವುದು ಜಾಣತನ. ಲ್ಯಾಮಿನೇಶನ್ ಮಾಡಿದ ಫೋಟೋವನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು ಫೋನಿನಲ್ಲಿ ಕ್ಲಿಕ್ಕಿಸಿ ಕಳಿಸಿದರೆ ಅಜ್ಜಿಯ ಹಣೆಯ ಮೇಲೆ ಟ್ಯೂಬ್‌ಲೈಟೇ ಬರುತ್ತದೆ. ಪೇಪರಿನಲ್ಲಿ ಅಚ್ಚಾದ ಚಿತ್ರ ಕತ್ತರಿಸಿ ತಂದದ್ದಾದರೆ ಹಳೆಯ ಹಾಫ್‌ಟೋನ್ ಚುಕ್ಕಿಗೂ ಹೊಸ ಚುಕ್ಕಿಗೂ ತಾಕಲಾಟವಾಗಿ ಮುಖದ ಮೇಲೆ ಜಾಲರಿ ಮೂಡುತ್ತದೆ. ಅದಕ್ಕೆ ಸ್ಕ್ಯಾನರಿನಲ್ಲಿ ಡಿಸ್ಕ್ರೀನ್ ಎಂಬ ಆಯ್ಕೆ ಇರುತ್ತದೆ.

ಮುಖಕ್ಕಿಂತ ಹೆಚ್ಚು ಅನ್ಯಾಯವಾಗುತ್ತಿರುವುದು ಅಕ್ಷರಕ್ಕೆ. ಫೋಟೋ ಸ್ವಲ್ಪ ಮಸುಕಾದರೂ ಮುಖ ಗುರುತು ಸಿಗುತ್ತದೆ. ಕನ್ನಡದ ಅಕ್ಷರ ಮಸುಕಾದರೆ ಬೇರೆ ಅಕ್ಷರವೇ ಆಗಬಹುದು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸೀಳು. ರಾಷ್ಟ್ರ, ಸ್ತ್ರೀ ಮುಂತಾದವುಗಳಲ್ಲಿ ಮೂಲಾಕ್ಷರದ ಅಡಿಯಲ್ಲಿ ತೂಗುವ ಒತ್ತುಗಳು ಮೂಲಾಕ್ಷರಕ್ಕಿಂತ ಬಹಳ ಚಿಕ್ಕವು. ಇಂಗ್ಲಿಷಿನ ದಪ್ಪಕ್ಷರ ತಾಳಿಕೊಳ್ಳುವ ಮಸುಕನ್ನು ನಮ್ಮ ಒತ್ತಕ್ಷರ ತಾಳುವುದಿಲ್ಲ. ಮೇಲಾಗಿ ಜೆಪೆಗ್ ಎಂಬುದು ಚಿತ್ರವನ್ನು ಎಂಟು ಅಡ್ಡ, ಎಂಟು ಉದ್ದದ ಪಿಕ್ಸೆಲ್ ಚೌಕಗಳಾಗಿ ಒಡೆದು ಹಿಂಡುವ ಪದ್ಧತಿ. ಚರ್ಮ, ಮೋಡಗಳ ಮೆದುವಾದ ಏರಿಳಿತಕ್ಕೆ ಒಗ್ಗುವ ಅದು ಅಕ್ಷರದ ಚೂಪು ಅಂಚಿನ ಸುತ್ತ ಕೊಳೆ ಎಬ್ಬಿಸುತ್ತದೆ. ಹಾಗಿದ್ದೂ ಕನ್ನಡ ಪಠ್ಯ ಯಾಕೆ ಇಷ್ಟೊಂದು ಚಿತ್ರವಾಗಿ ಓಡಾಡುತ್ತದೆ ಎಂದರೆ ಅದಕ್ಕೊಂದು ಇತಿಹಾಸವಿದೆ. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಟೈಪಿಸಿದರೆ ಒತ್ತುಗಳು ಕಳಚಿ ಬೀಳುತ್ತಿದ್ದವು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಅಕ್ಷರ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದಾಗ ಗೊಜ್ಜಾಗುತ್ತಿತ್ತು. ಎಲ್ಲ ಕಡೆ ಸರಿಯಾಗಿ ಕಾಣಬೇಕಾದರೆ ಜೆಪೆಗ್ ಮಾಡಿ ಕಳಿಸುವುದೊಂದೇ ದಾರಿ ಎಂದು ಜನ ಕಲಿತರು. ಈಗ ಆ ಅಡಚಣೆಗಳು ಬಹುಮಟ್ಟಿಗೆ ಹೋಗಿವೆ, ಅಭ್ಯಾಸ ಉಳಿದಿದೆ. ಕೋರೆಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್ ಮಾಡಿ ಪಿಡಿಎಫ್ ಕೊಟ್ಟರೆ ಅದು ಗೆರೆಯ ಗಣಿತವಾಗಿ ಉಳಿಯುತ್ತದೆ, ವಿಸಿಟಿಂಗ್ ಕಾರ್ಡಿಗೂ ಹದಿನೈದು ಅಡಿಗೂ ಒಂದೇ ಫೈಲು ನಡೆಯುತ್ತದೆ. ಪಿಕ್ಸೆಲ್ಲಿನ ಪ್ರಶ್ನೆಯೇ ಏಳದು. ಲೋಗೋಗಳಿಗೂ ಹೀಗೇ. ಪರದೆಯ ಮೇಲಿನ ಒಂದು ಪಿಕ್ಸೆಲ್ ಆಚೀಚೆಯಾದರೆ ಸಭೆ ಕರೆಯುವ ಕಂಪನಿಗಳಿಂದ, ವೆಬ್‌ಸೈಟಿನ ಮೂಲೆಯಿಂದ ಎತ್ತಿದ 200 ಪಿಕ್ಸೆಲ್‌ನ ಲೋಗೋ ಆರಡಿ ಸ್ಟಾಂಡಿಗೆಂದು ಬರುವುದು ಈ ಪ್ರದೇಶದ ಸಣ್ಣ ವಿನೋದಗಳಲ್ಲೊಂದು.

ಮೂರು ದಿನ ನಿಂತು ಗಾಳಿಗೆ ಹರಿಯುವ ಫ್ಲೆಕ್ಸಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಹೇಳುವುದಿಷ್ಟು. ಹಾಗೆ ನೋಡಿದರೆ ರಸ್ತೆಯಲ್ಲಿ ಫ್ಲೆಕ್ಸ್ ನಿಲ್ಲಲೇಬಾರದು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಬೆಂಗಳೂರಿನ ಪಾಲಿಕೆ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತುಹಾಕಿತು. ಅವು ಮತ್ತೆ ಮತ್ತೆ ಏಳುತ್ತವೆ ಎಂಬುದು ಬೇರೆ ಮಾತು. ನನ್ನ ವಾದ ಫ್ಲೆಕ್ಸಿನ ಪರವಾಗಿಲ್ಲ. ಬಟ್ಟೆಯ ಮೇಲೆ ಅಚ್ಚಾದರೂ, ಕಾಗದದ ಮೇಲಾದರೂ, ಸಭಾಂಗಣದ ಒಳಗೆ ವೇದಿಕೆಯ ಹಿಂದೆ ನಿಂತರೂ ಲೆಕ್ಕ ಇದೇ. ಮೇಲಾಗಿ ಕೆಟ್ಟದಾಗಿ ಬಂದದ್ದನ್ನು ಗಿರಾಕಿ ಮತ್ತೊಮ್ಮೆ ಮಾಡಿಸಿದರೆ ಕಸದ ರಾಶಿಗೆ ಹೋಗುವುದು ಎರಡು ಪಟ್ಟು ಪಿವಿಸಿ.

ದೂರದ ಸೂತ್ರ ಸೋಲುವ ಒಂದು ಸಂದರ್ಭ ಉಂಟು, ಅದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗದು. ಶುಭಾಶಯದ ಬ್ಯಾನರುಗಳಲ್ಲಿ ಮೇಲೆ ನಾಯಕರ ದೊಡ್ಡ ಮುಖ, ಕೆಳಗೆ 'ಶುಭ ಕೋರುವವರು' ಎಂದು ಮೂವತ್ತು ಜನರ ಪುಟ್ಟ ಮುಖಗಳು ವೃತ್ತಗಳಲ್ಲಿ ಕೂತಿರುತ್ತವೆ. ಸೂತ್ರವನ್ನು ಕೇಳಿದರೆ, ರಸ್ತೆಯಿಂದ ನೋಡುವವರಿಗೆ ಆ ಆರಿಂಚಿನ ಮುಖಗಳಿಗೆ ತಲಾ ನೂರು ಪಿಕ್ಸೆಲ್ ಸಾಕು ಎನ್ನುತ್ತದೆ. ಆದರೆ ರಸ್ತೆಯವರು ಆ ವೃತ್ತಗಳನ್ನು ನೋಡುವುದೇ ಇಲ್ಲ. ನೋಡುವವರು ಆ ಮೂವತ್ತು ಜನ, ಅವರ ಮನೆಯವರು. ಅವರು ನಿಲ್ಲುವುದು ಇಪ್ಪತ್ತಡಿ ದೂರದಲ್ಲಲ್ಲ, ಒಂದಡಿಯಲ್ಲಿ. ಬೆರಳಿಟ್ಟು ತೋರಿಸಿ, ಫೋನ್ ಎತ್ತಿ, ಫೋಟೋ ತೆಗೆದು, ಅದನ್ನೂ ಎರಡು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ. ಒಂದಡಿ ದೂರದ ಲೆಕ್ಕ ಹಿಡಿದರೆ ಆರಿಂಚಿನ ಮುಖಕ್ಕೆ 1700 ಪಿಕ್ಸೆಲ್ ಬೇಕು, ಅಷ್ಟು ಸೂಕ್ಷ್ಮವನ್ನು ಫ್ಲೆಕ್ಸಿನ ಒರಟು ಹಾಳೆ ತೋರಿಸಲಾರದು. ಅರ್ಧದಷ್ಟು ಸಿಕ್ಕರೂ ಅವರಿಗೆ ತೃಪ್ತಿ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಗ್ರೂಪ್ ಫೋಟೋದಿಂದ ಕತ್ತರಿಸಿದ ಮುಖ ಅದರ ಹತ್ತಿರಕ್ಕೂ ಬಾರದು. ಅಂದರೆ ಕೆಲಸ ಶುರುಮಾಡುವ ಮುಂಚೆ ಆ ಮೂವತ್ತು ಜನರಿಂದಲೂ ಒಂದೊಂದು ಒಂಟಿ ಫೋಟೋ, ಕಿಟಕಿಯ ಬೆಳಕಿಗೆ ಮುಖಮಾಡಿ ತೆಗೆದದ್ದು, ಡಾಕ್ಯುಮೆಂಟ್ ಎಂದು ಕಳಿಸಿದ್ದು, ತರಿಸಿಕೊಳ್ಳಬೇಕು. ಹಣ ಕೊಡುವವರು ಅವರೇ ಆದ್ದರಿಂದ ಕೇಳಿದರೆ ಆ ರಾತ್ರಿಯೇ ಕಳಿಸುತ್ತಾರೆ. ಎಲ್ಲ ಬ್ಯಾನರುಗಳಲ್ಲೂ ತಪ್ಪದೆ ಸ್ಪಷ್ಟವಾಗಿ ಬರುವುದು ನಾಯಕರ ಫೋಟೋ ಒಂದೇ. ಅದು ಯಾವುದೋ ಸ್ಟುಡಿಯೋದಲ್ಲಿ ತೆಗೆಸಿ, ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತ್ಯೇಕ ಫೋಲ್ಡರ್ ಮಾಡಿ ಇಟ್ಟದ್ದು. ಪಕ್ಷ ಬದಲಾದರೂ ಫೋಲ್ಡರಿನಿಂದ ಅದನ್ನು ಯಾರೂ ಅಳಿಸುವುದಿಲ್ಲ.